ಮೂರನೆಯ ಚಕ್ರವನ್ನು ಕುರಿತು: ನಾಲ್ಕು ತಾಲ್ಲೂಕುಗಳ ಸೈಕಲ್ ಅಂಗಡಿಯವರಿಗೂ ವೆಲ್ಡಿಂಗ್ ಶೆಡ್ಡಿನವರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಶ್ರೀರಂಗಪಟ್ಟಣದ ಕೋಟೆಯ ಒಳಗೂ ಹೊರಗೂ, ಪಾಂಡವಪುರದ ರೈಲು ನಿಲ್ದಾಣದ ದಾರಿಯಲ್ಲಿಯೂ, ಕೃಷ್ಣರಾಜಪೇಟೆಯಿಂದ ಕಿಕ್ಕೇರಿಯ ಕಡೆಗೆ ಹೊರಡುವ ರಸ್ತೆಯ ಇಕ್ಕೆಲಗಳಲ್ಲಿಯೂ, ನಾಗಮಂಗಲ ಬೆಳ್ಳೂರುಗಳ ಪೇಟೆಯ ಮೂಲೆಗಳಲ್ಲಿಯೂ, ತಗಡಿನ ಮಾಡಿನ ಕೆಳಗೆ ಒಂದು ಗಾಳಿ ಪಂಪು, ಪಂಕ್ಚರು ಹುಡುಕುವುದಕ್ಕೆ ಒಂದು ಬಾಣಲೆ ನೀರು, ಒಂದು ವೆಲ್ಡಿಂಗ್ ಯಂತ್ರ ಇವಿಷ್ಟನ್ನೇ ಬಂಡವಾಳವಾಗಿಟ್ಟುಕೊಂಡು ದಿನದ ದುಡಿಮೆಯನ್ನು ನಡೆಸುತ್ತಿರುವ ನಿಮ್ಮೆಲ್ಲರನ್ನೂ ಒಂದೇ ಸಂಬೋಧನೆಯಲ್ಲಿ ಕರೆದು ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಕಬ್ಬಿಣದ ಕೆಲಸ ಬಲ್ಲವನಲ್ಲ. ಬಹುಕಾಲ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸಿ, ನಿವೃತ್ತನಾದ ಮೇಲೆ ಒಬ್ಬ ಸೈಕಲ್ ಅಂಗಡಿಯವರ ಮತ್ತು ಒಬ್ಬ ವೆಲ್ಡಿಂಗಿನವರ ಕೈಯಿಂದ ಪೆಡಲಿನಿಂದ ನಡೆಯುವ ಮೂರು ಚಕ್ರದ ಗಾಡಿಯೊಂದನ್ನು ಮಾಡಿಸಿಕೊಂಡು, ಅದನ್ನು ಮೇಲಿಂದ ಮೇಲೆ ತಿದ್ದಿಸುತ್ತ, ಡೈರಿಗೆ, ಗಿರಣಿಗೆ, ಸಂತೆಗೆ ಅದರಲ್ಲಿಯೇ ಹೋಗಿಬರುತ್ತಿರುವವನು. ಇಂತಹ ಗಾಡಿಯನ್ನು ಪ್ರತಿಯೊಂದು ಹೋಬಳಿಯಲ್ಲಿಯೂ ಒಬ್ಬರಾದರೂ ಕಟ್ಟತಕ್ಕದ್ದೆಂದೂ, ಕಟ್ಟಿ ಮಾರಿದ ಮೇಲೆಯೂ ಅದನ್ನು ಸುಧಾರಿಸುತ್ತಲೇ ಇರತಕ್ಕದ್ದೆಂದೂ ನಿಮ್ಮನ್ನು ಕೇಳಿಕೊಳ್ಳುವುದೇ ನನ್ನ ವಿಜ್ಞಾಪನೆ.

ನಮ್ಮ ಗ್ರಾಮಜೀವನದ ಸಾಗಾಟವನ್ನು ಸ್ವಲ್ಪ ಲಕ್ಷ್ಯವಿಟ್ಟು ನೋಡಿದರೆ, ಅದರ ಬಹುಭಾಗವು ನಾಲ್ಕಾರು ಕಿಲೋಮೀಟರಿನೊಳಗೆ, ಮೂವತ್ತರಿಂದ ಅರವತ್ತು ಕಿಲೋಗ್ರಾಮಿನ ಹೊರೆಯನ್ನು ಒಯ್ಯುವ ಕೆಲಸವಾಗಿರುವುದು ಕಂಡುಬರುತ್ತದೆ. ಬೆಳಿಗ್ಗೆ ಸಂಜೆ ಡೈರಿಗೆ ಹೋಗುವ ಹಾಲಿನ ಕ್ಯಾನು, ಗಿರಣಿಗೆ ಹೋಗಿ ಹಿಟ್ಟಾಗಿ ಬರುವ ರಾಗಿ, ಗದ್ದೆಯ ಬದುವಿನಿಂದ ಕೊಟ್ಟಿಗೆಗೆ ಬರುವ ಹಸಿಹುಲ್ಲಿನ ಹೊರೆ, 14.2 ಕಿಲೋಗ್ರಾಂ ಅನಿಲವನ್ನು ಹೊತ್ತು ತೊಟ್ಟಿಯ ತೂಕವೂ ಸೇರಿ ಮೂವತ್ತಕ್ಕೆ ಹತ್ತಿರವಾಗುವ ಗ್ಯಾಸ್ ಸಿಲಿಂಡರು, ಇವುಗಳಲ್ಲಿ ಯಾವುದಕ್ಕೂ ಎತ್ತಿನ ಗಾಡಿಯನ್ನು ಕಟ್ಟುವಂತಿಲ್ಲ; ಸೈಕಲ್ಲಿನ ಕ್ಯಾರಿಯರಿಗೆ ಬಿಗಿದರೆ ಹ್ಯಾಂಡಲ್ಲು ಮೇಲೇಳುತ್ತದೆ; ಮೊಪೆಡ್ಡಿಗೆ ಹೇರಿದರೆ, ಹೇರುವವರು ಉಂಟು, ಆದರೆ ಹೆಂಗಸರೂ ವೃದ್ಧರೂ ಹದಿನೆಂಟು ತುಂಬದ ಮಕ್ಕಳೂ ಅದಕ್ಕೆ ಹೊರಗಾಗುತ್ತಾರೆ. ಮನೆಯಲ್ಲಿ ಮೊಪೆಡ್ಡು ಇದ್ದರೂ ಅದು ಮನೆಯ ಗಂಡಸಿನ ಜೊತೆಯಲ್ಲಿ ಹೊರಗೆ ಹೋಗಿರುವುದೇ ವಾಡಿಕೆ. ಕ್ಯಾನು ಹೊರುವ ಕೆಲಸ ಮಾತ್ರ ಮನೆಯಲ್ಲಿ ಉಳಿದವರದು.

ಸಾಮಗ್ರಿಯ ಮಾತಿಗೆ ಬರೋಣ. 2006–07ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು; ಕೋವಿಡ್ ಕಾಲದಲ್ಲಿ ಅದು ನಿಂತುಹೋಗುವ ತನಕ ವರ್ಷ ವರ್ಷವೂ ನಮ್ಮ ಶಾಲೆಗಳ ಅಂಗಳದಲ್ಲಿ ಸಾಲಾಗಿ ನಿಂತ ಹೊಸ ಸೈಕಲ್ಲುಗಳನ್ನು ನೀವೂ ಕಂಡವರೇ, ಅವುಗಳ ಸಡಿಲವಾದ ನಟ್ಟುಗಳನ್ನು ಮರುದಿನವೇ ಬಿಗಿದುಕೊಟ್ಟವರೂ ನೀವೇ. ಆ ಮಕ್ಕಳು ಬೆಳೆದು ಮೈಸೂರಿಗೋ ಬೆಂಗಳೂರಿಗೋ ಹೋದರು. ಸೈಕಲ್ಲುಗಳು ಹಿತ್ತಲಿನ ಹುಣಿಸೆ ಮರಕ್ಕೆ ಒರಗಿಕೊಂಡು ತುಕ್ಕು ಹಿಡಿಯುತ್ತಿವೆ, ಇಲ್ಲವೇ ಗುಜರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿಹೋಗುತ್ತಿವೆ. ಸೀಟು ಹರಿದು ರಿಮ್ಮು ತುಕ್ಕು ತಿಂದಿದ್ದರೂ ಫ್ರೇಮಿನ ಕೊಳವೆ, ಕ್ರ್ಯಾಂಕು, ಚೈನ್‌ವೀಲು, ಹ್ಯಾಂಡಲ್ಲು ಇವು ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಅಂತಹ ಒಂದು ಸೈಕಲ್ಲಿನ ಮುಂಭಾಗ, ಚೌಕ ಕೊಳವೆಯಿಂದ ಬೆಸೆದ ಹಿಂಭಾಗದ ಚೌಕಟ್ಟು, ಗುಜರಿಯಲ್ಲಿ ಸಿಕ್ಕುವ ಹಳೆಯ ಮೊಪೆಡ್ಡಿನ ಎರಡು ಚಕ್ರ ಇವಿಷ್ಟು ಸೇರಿದರೆ ಗಾಡಿಯ ಒಡಲು ಸಿದ್ಧವಾಯಿತು.

ಮೊಪೆಡ್ಡಿನ ಚಕ್ರವೇ ಏಕೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಎರಡು ಚಕ್ರದ ಸೈಕಲ್ಲು ತಿರುವಿನಲ್ಲಿ ಒಳಕ್ಕೆ ವಾಲುವುದರಿಂದ ಭಾರವು ಯಾವಾಗಲೂ ಚಕ್ರದ ಸಮತಲದಲ್ಲಿಯೇ ಬೀಳುತ್ತದೆ. ಕಡ್ಡಿಗಳು ಆ ಭಾರವನ್ನು ಹೊರುವುದಕ್ಕಾಗಿಯೇ ಹೆಣೆದವು. ಮೂರು ಚಕ್ರದ ಗಾಡಿಯಾದರೋ ವಾಲುವುದಿಲ್ಲ. ಆದುದರಿಂದ ತಿರುವಿನ ಪಾರ್ಶ್ವಬಲವೆಲ್ಲವೂ ರಿಮ್ಮನ್ನು ಅಡ್ಡಲಾಗಿ ಒತ್ತಿ, 28 ಅಂಗುಲದ ದೊಡ್ಡ ಚಕ್ರವನ್ನು ಕೆಲವೇ ದಿನಗಳಲ್ಲಿ ಸೊಟ್ಟಗಾಗಿಸುತ್ತದೆ. ಚಕ್ರ ಚಿಕ್ಕದಾದಷ್ಟೂ, ಕಡ್ಡಿ ದಪ್ಪವಾದಷ್ಟೂ ಈ ಪೀಡೆ ಕಡಿಮೆ. ಅಚ್ಚಿನ ಸಂಗತಿಯೂ ಇಂತಹುದೇ: ಸೈಕಲ್ಲಿನ ಅಚ್ಚು ಎರಡು ಕಡೆಯೂ ಆಧಾರ ಪಡೆದಿರುತ್ತದೆಯಾಗಿ ಪೆನ್ಸಿಲಿನಷ್ಟು ತೆಳುವಾಗಿದ್ದರೂ ಸಾಗುತ್ತದೆ, ಒಂದೇ ಕಡೆ ಹಿಡಿದ ಅಚ್ಚು ಹಾಗಲ್ಲ. ಚಾವಣಿ ಫ್ಯಾನುಗಳಲ್ಲಿ ಬಳಕೆಯಾಗುವ 6202 ಸಂಖ್ಯೆಯ ಬೇರಿಂಗು ನಿಮಗೆ ಗೊತ್ತೇ ಇದೆ. ಅದರ ಒಳವ್ಯಾಸ 15 ಮಿಲಿಮೀಟರು, ಎಲ್ಲ ಊರಿನಲ್ಲಿಯೂ ಸಿಕ್ಕುತ್ತದೆ. ಅಚ್ಚನ್ನು ಆ ಅಳತೆಗೆ ಲೇತಿನಲ್ಲಿ ತಿರುಗಿಸಿಕೊಂಡರೆ ಸಾಧಾರಣ ಹೊರೆಗೆ ಮತ್ತೆ ಚಿಂತೆಯಿಲ್ಲ.

ಬೇರಿಂಗಿನ ಬದಲು ಬುಷ್ಷು ಹಾಕುವವರಿಗೆ, ವಿಶೇಷವಾಗಿ ನಾಗಮಂಗಲದವರಿಗೆ, ಒಂದು ಮಾತು. ಕಂಚು ಹಿತ್ತಾಳೆಗಳ ಎರಕದಲ್ಲಿ ನಿಮ್ಮ ಊರಿಗೆ ಪರಂಪರಾಗತವಾದ ಕೀರ್ತಿಯಿದೆ. ಗಂಟೆಗೆ ಎರಕ ಹೊಯ್ಯುವ ಕಂಚಿನಲ್ಲಿ ತವರದ ಪಾಲು ಐದರಲ್ಲಿ ಒಂದರಷ್ಟಿದ್ದು, ಅದು ನಾದಕ್ಕೆ ಒಳ್ಳೆಯದಾದರೂ ಪೆಟ್ಟಿಗೆ ಬಿರಿಯುತ್ತದೆ. ಅಚ್ಚಿನ ಬುಷ್ಷಿಗೆ ತವರ ಹತ್ತರಲ್ಲಿ ಒಂದು ಪಾಲಿರುವ ಕಂಚು ಸಾಕು, ಅದು ಗ್ರೀಸನ್ನು ಹಿಡಿದುಕೊಂಡು ವರ್ಷಗಟ್ಟಲೆ ಸವೆಯದೆ ನಿಲ್ಲುತ್ತದೆ. ವಿಗ್ರಹಕ್ಕೂ ಪಾತ್ರೆಗೂ ಮೀಸಲಾಗಿದ್ದ ಆ ವಿದ್ಯೆ ಗಾಡಿಯ ಗುಂಬದೊಳಕ್ಕೂ ಒಮ್ಮೆ ಇಳಿದುಬರಲೆಂದು ಆಶಿಸುವುದು ಅತಿಯಾಸೆಯೇನಲ್ಲ.

ಇನ್ನು ಗಾಡಿಯ ಜೀವಾಳವಾದ ಗೇರಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಮನೆಯಲ್ಲಿ ಕಟ್ಟಿದ ಇಂತಹ ಗಾಡಿಗಳಲ್ಲಿ ಹಲವು ಮೂಲೆ ಸೇರುವುದಕ್ಕೆ ಬೆಸುಗೆ ಬಿಟ್ಟದ್ದು ಕಾರಣವಲ್ಲ, ತುಳಿಯಲಾರದೆ ಸೋತ ಕಾಲುಗಳು ಕಾರಣ. ಹಳೆಯ ಕಾಲದ ದೊಡ್ಡ ಸೈಕಲ್ಲಿನಲ್ಲಿ ಮುಂದೆ 48 ಹಲ್ಲು, ಹಿಂದೆ 18 ಹಲ್ಲು. 28 ಅಂಗುಲದ ಚಕ್ರದೊಡನೆ ಗುಣಿಸಿ ನೋಡಿದರೆ ಪೆಡಲಿನ ಒಂದು ಸುತ್ತಿಗೆ ಅದು ಸುಮಾರು 6 ಮೀಟರ್ ಮುಂದೆ ಹೋಗುತ್ತದೆ. ಮಟ್ಟಸವಾದ ಹಾದಿಯಲ್ಲಿ ಒಬ್ಬನೇ ಹೋಗುವವನಿಗೆ ಇದು ಸರಿ. ಗಾಡಿ, ಸವಾರ, ಹೊರೆ ಸೇರಿ 150 ಕಿಲೋಗ್ರಾಂ ಆಗಿರುವಾಗ, ಇಪ್ಪತ್ತು ಮೀಟರಿಗೆ ಒಂದು ಮೀಟರ್ ಏರುವ ಹಾದಿಯಲ್ಲಿ ಗಂಟೆಗೆ 5 ಕಿಲೋಮೀಟರಿನಂತೆ, ಎಂದರೆ ನಡಿಗೆಯ ವೇಗದಲ್ಲಿ, ಹೋಗಬೇಕಾದರೂ ಸುಮಾರು 100 ವಾಟ್ ಶಕ್ತಿ ಬೇಕು. ಆರೋಗ್ಯವಂತನಾದ ಮನುಷ್ಯನು ಬಹಳ ಹೊತ್ತು ಆಯಾಸವಿಲ್ಲದೆ ಕೊಡಬಲ್ಲದ್ದು 75 ವಾಟಿನ ಆಸುಪಾಸು. ನೂರನ್ನು ಅವನು ಸ್ವಲ್ಪ ಕಾಲ ಕೊಟ್ಟಾನು, ಆದರೆ ಕಾಲುಗಳು ನಿಮಿಷಕ್ಕೆ ನಲವತ್ತು ಐವತ್ತು ಸುತ್ತಾದರೂ ತಿರುಗುತ್ತಿದ್ದರೆ ಮಾತ್ರ. ಆರು ಮೀಟರಿನ ಗೇರಿನಲ್ಲಿ ಆ ವೇಗಕ್ಕೆ ಹದಿನಾಲ್ಕೇ ಸುತ್ತು. ಅದು ತುಳಿಯುವುದಲ್ಲ, ಪೆಡಲಿನ ಮೇಲೆ ನಿಂತು ಪ್ರಾರ್ಥಿಸುವುದು.

ನನ್ನ ಗಾಡಿ ಮೊದಲು ಒಂದೇ ಚೈನಿನದಾಗಿತ್ತು. ಅದನ್ನು ಬಿಚ್ಚಿ ಈಗ ಎರಡು ಚೈನು ಮಾಡಿಸಿದೆ. ಪೆಡಲಿನ ಬಳಿ ಚಿಕ್ಕ ಸೈಕಲ್ಲಿನ 36 ಹಲ್ಲಿನ ಚೈನ್‌ವೀಲು. ಸೀಟಿನ ಕೆಳಗೆ ಅಡ್ಡಲಾಗಿ ಒಂದು ನಡು ಅಚ್ಚು. ಅದರ ಮೇಲೆ ಗೇರ್ ಸೈಕಲ್ಲಿನಿಂದ ತೆಗೆದ, 14ರಿಂದ 28 ಹಲ್ಲಿನವರೆಗೆ ಮೆಟ್ಟಿಲು ಮೆಟ್ಟಿಲಾಗಿರುವ ಫ್ರೀವೀಲು. ಅಲ್ಲಿಂದ ಹಿಂದಿನ ಅಚ್ಚಿಗೆ, ಎರಡು ಕಡೆಯೂ ಹಲ್ಲುಗಳ ಸಂಖ್ಯೆ ಒಂದೇ ಆಗಿರುವಂತೆ, ಎರಡನೆಯ ಚೈನು. ಹಿಂದಿನ ಚಕ್ರ 20 ಅಂಗುಲದ ಸುಮಾರಿನದಾದ್ದರಿಂದ, ಮಟ್ಟದ ಹಾದಿಯಲ್ಲಿ ಸುತ್ತಿಗೆ ನಾಲ್ಕು ಮೀಟರಿಗೆ ಸ್ವಲ್ಪ ಮೇಲೆ, ಏರಿನಲ್ಲಿ ಎರಡು ಮೀಟರು. ಮೊದಲಿನದರಲ್ಲಿ ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ ಹದಿನೈದು ಕಿಲೋಮೀಟರಿಗೆ ಹತ್ತಿರವಾಗುತ್ತದೆ, ಎರಡನೆಯದರಲ್ಲಿ ನಲವತ್ತು ಸುತ್ತಿಗೆ ಐದು ಕಿಲೋಮೀಟರು. ಮಾಡುವವರು ಇದೊಂದನ್ನು ಗಮನಿಸಬೇಕು: ಸಾಧಾರಣ ಸೈಕಲ್ಲಿನ ಚೈನಿಗೂ ಗೇರ್ ಸೈಕಲ್ಲಿನ ಚೈನಿಗೂ ಕೊಂಡಿಯ ಅಂತರ ಅರ್ಧ ಅಂಗುಲವೇ ಆದರೂ, ಎರಡನೆಯದು ಅಗಲದಲ್ಲಿ ಕಿರಿದು, ದಪ್ಪ ಹಲ್ಲಿನ ಹಳೆಯ ಚೈನ್‌ವೀಲಿನ ಮೇಲೆ ಅದು ಕೂರುವುದಿಲ್ಲ. ಹಲ್ಲುಗಳನ್ನು ಅರದಿಂದ ತೆಳುಮಾಡುವ ತಾಳ್ಮೆ ಇಲ್ಲದವರು ಚೈನ್‌ವೀಲನ್ನೂ ಗೇರ್ ಸೈಕಲ್ಲಿನಿಂದಲೇ ತೆಗೆದುಕೊಳ್ಳುವುದು ಲೇಸು. ಹಿಂದಿನ ಎರಡು ಚಕ್ರಗಳಲ್ಲಿ ಒಂದಕ್ಕೆ ಮಾತ್ರ ಚಾಲನೆ ಕೊಟ್ಟು ಇನ್ನೊಂದನ್ನು ಸ್ವತಂತ್ರವಾಗಿ ಉರುಳಲು ಬಿಟ್ಟರೆ ತಿರುವಿನಲ್ಲಿ ತೊಡಕಿಲ್ಲ. 1877ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿಯು ಮೂರು ಚಕ್ರದ ಸೈಕಲ್ಲಿಗೆಂದೇ ಡಿಫರೆನ್ಷಿಯಲ್ ಗೇರನ್ನು ಅಳವಡಿಸಿದನಾದರೂ, ನಮ್ಮ ಹೊರೆಗೂ ವೇಗಕ್ಕೂ ಅಷ್ಟು ಸಂಭ್ರಮ ಬೇಕಿಲ್ಲವೆಂದು ನನ್ನ ಮತ.

ಸ್ಟಾರ್ಲಿಯ ಹೆಸರು ಬಂದದ್ದರಿಂದ ಇನ್ನೊಬ್ಬನ ನೆನಪಾಗುತ್ತದೆ. ಕಬ್ಬಿನ ಕಾಲದಲ್ಲಿ ಪಾಂಡವಪುರದ ಕಾರ್ಖಾನೆಯ ದಾರಿಯಲ್ಲಿ ರಬ್ಬರ್ ಟೈರಿನ ಎತ್ತಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನಮ್ಮ ತಲೆಮಾರಿನವರು ಮರೆತಿಲ್ಲ. ಗಾಳಿ ತುಂಬಿದ ಆ ಟೈರು ಬಳಕೆಗೆ ಬಂದುದರ ಮೂಲದಲ್ಲಿ ಯಾವ ಯಂತ್ರಶಾಸ್ತ್ರಜ್ಞನೂ ಇಲ್ಲ: ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್ಲಪ್ಪನು ತನ್ನ ಎಳೆಯ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕಾಡುವುದನ್ನು ನೋಡಲಾರದೆ, ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿ, 1888ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಅವನಿಗಿಂತ ನಾಲ್ಕು ದಶಕ ಮೊದಲೇ ರಾಬರ್ಟ್ ಥಾಮ್ಸನ್ ಎಂಬವನು ಅದೇ ವಿಚಾರಕ್ಕೆ ಪೇಟೆಂಟು ಪಡೆದಿದ್ದುದು ತರುವಾಯ ತಿಳಿದುಬಂದಿತು. ಆದರೆ ಲೋಕಕ್ಕೆ ಟೈರು ಬಂದದ್ದು ಮಗುವಿನ ಆ ತ್ರಿಚಕ್ರದಿಂದಲೇ. ಪಂಡಿತರು ಬಂದು ಮಾಡಿಕೊಡಲೆಂದು ನೀವು ಕಾಯಬೇಕಾದ್ದಿಲ್ಲವೆಂಬುದಕ್ಕೆ ಇದನ್ನು ಹೇಳಿದೆನೇ ಹೊರತು ಪಂಡಿತರನ್ನು ಕಡೆಗಣಿಸಲಲ್ಲ. ನಾಗಮಂಗಲಕ್ಕೆ ನೆರೆಯಾದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಎಂಬ ತಂಡದವರು ಒಲೆ, ಗೋಬರ್ ಅನಿಲ, ಮಣ್ಣಿನ ಇಟ್ಟಿಗೆಗಳ ಮೇಲೆ ವರ್ಷಗಟ್ಟಲೆ ಶ್ರಮಿಸಿದರು, ಮಹಾರಾಷ್ಟ್ರದ ಫಲ್ಟಣದಲ್ಲಿ ಅನಿಲ್ ರಾಜವಂಶಿಯವರು ಸೈಕಲ್ ರಿಕ್ಷಾವನ್ನೇ ತಿದ್ದಿ ಗೇರು ಬ್ರೇಕುಗಳನ್ನು ಕೂಡಿಸಿ ತೋರಿಸಿದರು. ಅವರ ಶ್ರಮವು ನಮ್ಮ ಬೀದಿಗೆ ಬರಬೇಕಾದರೆ ನಡುವೆ ನಿಮ್ಮಂತಹವರ ಶೆಡ್ಡೊಂದು ಇರಲೇಬೇಕು.

ಹಾದಿಯ ವಿಚಾರ. 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರಾಕ್ಟರುಗಳೊಂದಿಗೆ ಯಂತ್ರರಹಿತ ವಾಹನಗಳಿಗೂ ಪ್ರವೇಶವಿಲ್ಲವಾಯಿತು. ಆ ವೇಗದ ನಡುವೆ ನಮ್ಮ ಗಾಡಿಗೆ ಏನು ಕೆಲಸ, ನಿಷೇಧದ ವಿಷಯದಲ್ಲಿ ನನ್ನ ತಕರಾರಿಲ್ಲ. ಪಕ್ಕದ ಸರ್ವಿಸ್ ರಸ್ತೆ ಮಾತ್ರ ಎಲ್ಲಿಯೂ ತುಂಡಾಗದೆ ಶ್ರೀರಂಗಪಟ್ಟಣದವರಿಗೆ ದಕ್ಕಬೇಕೆಂಬುದನ್ನು ನಾವೆಲ್ಲ ಸೇರಿ ಕೇಳಬೇಕಾಗಿದೆ. ಆದರೆ ಪೆಡಲಿನವನಿಗೆ ನಮ್ಮ ಸೀಮೆಯಲ್ಲಿ ಬೇರೊಂದು ಹಾದಿಯೂ ಉಂಟು. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯನ್ನಾಗಲಿ ಹೇಮಾವತಿಯ ನಾಲೆಗಳನ್ನಾಗಲಿ ತೋಡಿದ ಎಂಜಿನಿಯರುಗಳು ನೀರು ತಾನಾಗಿ ಹರಿಯುವಷ್ಟೇ ಇಳಿಜಾರನ್ನು ಅಳೆದು ಅಳೆದು ಕೊಟ್ಟಿದ್ದಾರೆ. ಆದುದರಿಂದ ನಾಲೆಯ ಏರಿಯ ಮೇಲಿನ ದಾರಿಯು ಊರ ರಸ್ತೆಯಂತೆ ಹತ್ತಿ ಇಳಿಯದೆ, ದಿಣ್ಣೆಗಳನ್ನು ಬಳಸಿಕೊಂಡು, ಬಹುಮಟ್ಟಿಗೆ ಸಮವಾಗಿಯೇ ಸಾಗುತ್ತದೆ. ಸ್ವಲ್ಪ ಸುತ್ತಾದರೂ ಕಾಲಿಗೆ ಹಿತ. ಇದನ್ನು ಹೇಳಿದ ಕೂಡಲೇ ಅದರ ಅಪಾಯವನ್ನೂ ಹೇಳಬೇಕು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ಪ್ರಾಣ ಕಳೆದುಕೊಂಡರು. ತಡೆಗೋಡೆಯಿಲ್ಲದ ಕಡೆಯಲ್ಲಿ ಏರಿ ಯಾವಾಗಲೂ ಅಪಾಯದ್ದೇ. ಅದರಲ್ಲಿಯೂ ಸೈಕಲ್ಲು ಚೆನ್ನಾಗಿ ಬಲ್ಲವನು ಮೊದಲ ಸಲ ಮೂರು ಚಕ್ರದ ಗಾಡಿಯನ್ನು ಹತ್ತಿದಾಗ ಮೈಯನ್ನು ವಾಲಿಸಿ ತಿರುಗಿಸಲು ಹೋಗುತ್ತಾನೆ, ಗಾಡಿ ಮಾತು ಕೇಳದೆ ರಸ್ತೆಯ ಅಂಚಿಗೆ ಎಳೆಯುತ್ತದೆ. ವಿಚಿತ್ರವೆಂದರೆ ಸೈಕಲ್ಲು ಬಾರದವರೇ ಇದನ್ನು ಬೇಗ ಕಲಿಯುವರು. ನಮ್ಮ ಮನೆಯಲ್ಲಿ ಹಾಗೆಯೇ ಆಯಿತು, ಕಲಿತವರ ಹೆಮ್ಮೆ ಇನ್ನೂ ಇಳಿದಿಲ್ಲ. ಕೊಂಡವರಿಗೆ ಶಾಲೆಯ ಮೈದಾನದಲ್ಲಿ ಒಂದೆರಡು ದಿನ ಅಭ್ಯಾಸ ಮಾಡಿಸಿ ಕಳಿಸಿರಿ.

ಆಸನವನ್ನು ತಗ್ಗಿಸಿ, ಒರಗಿ ಕುಳಿತು ಕಾಲನ್ನು ಮುಂದಕ್ಕೆ ಚಾಚಿ ತುಳಿಯುವ ಗಾಡಿಗಳನ್ನು ಕಂಡು ಮಾರುಹೋದ ಯುವಕರು ನಿಮ್ಮಲ್ಲಿ ಇರಬಹುದು. ಫ್ರಾನ್ಸಿನ ಶಾರ್ಲ್ ಮೋಶೆಯು ಮೊದಲು ತನ್ನ ಮಗನಿಗೆಂದು ನಾಲ್ಕು ಚಕ್ರದ ಪೆಡಲ್ ಗಾಡಿಯನ್ನು ಮಾಡಿ, ಆಮೇಲೆ ಅದೇ ಜಾಡಿನಲ್ಲಿ ಒರಗುವ ಸೈಕಲ್ಲನ್ನೂ ಕಟ್ಟಿದನು. 1933ರಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರನು ಅದರ ಮೇಲೆ ಒಂದು ಗಂಟೆಗೆ 45 ಕಿಲೋಮೀಟರಿಗೂ ಮಿಗಿಲಾಗಿ ಓಡಿ ದಾಖಲೆ ಮಾಡಿದ್ದೇ ತಡ, ಮರುವರ್ಷವೇ ಅಂತಾರಾಷ್ಟ್ರೀಯ ಸೈಕಲ್ ಸಂಘದವರು ಅಂತಹ ಸೈಕಲ್ಲನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಗಾಳಿಯ ತಡೆ ಕಡಿಮೆಯೆಂಬುದು ನಿಜ. ಆದರೆ ಎರಡು ಟ್ರೈಲರುಗಳ ತುಂಬ ಕಬ್ಬನ್ನು ಹೇರಿಕೊಂಡು, ಹಾಡು ಹಾಕಿಕೊಂಡು ಬರುವ ಟ್ರಾಕ್ಟರಿನ ಚಾಲಕನಿಗೆ ಅವನ ಸೊಂಟಕ್ಕಿಂತ ಕೆಳಗಿರುವ ನಾವು ಕಾಣಿಸುವುದಿಲ್ಲ. ಗಂಟೆಗೆ ಹನ್ನೆರಡು ಕಿಲೋಮೀಟರಿನ ನಮ್ಮ ಸವಾರಿಗೆ ಗಾಳಿಯ ತಡೆ ದೊಡ್ಡ ಶತ್ರುವೂ ಅಲ್ಲ. ಸವಾರನು ಎತ್ತರದಲ್ಲಿರಲಿ, ಮೂಟೆ ತಗ್ಗಿನಲ್ಲಿರಲಿ. ಹೊರೆಯ ತಟ್ಟೆಯನ್ನು ಅಚ್ಚಿನ ಮಟ್ಟಕ್ಕೆ ಸಾಧ್ಯವಾದಷ್ಟು ಇಳಿಸಿದರೆ ತಿರುವಿನಲ್ಲಿ ಮಗುಚುವ ಭಯ ಕಡಿಮೆ. ಅಗಲವನ್ನು ಎರಡೂಮುಕ್ಕಾಲು ಅಡಿಗೆ ಮೀರಿಸಬೇಡಿರಿ; ಮನೆಯ ಬಾಗಿಲನ್ನು ದಾಟದ ಗಾಡಿ ಮಳೆಯಲ್ಲಿ ಹೊರಗೆ ನಿಂತು ಎರಡೇ ವರ್ಷದಲ್ಲಿ ಮುಪ್ಪಾಗುತ್ತದೆ.

ಮೋಟಾರು ಕೂಡಿಸಬಾರದೇ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಕೂಡಿಸಬಹುದು, ಮೋಟಾರಿನ ಬಲ 250 ವಾಟಿನೊಳಗಿದ್ದು, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಾಗಿದ್ದು, ಬ್ಯಾಟರಿಯನ್ನು ಬಿಟ್ಟು ವಾಹನದ ತೂಕ 60 ಕಿಲೋಗ್ರಾಂ ಮೀರದಿದ್ದರೆ ಕೇಂದ್ರ ಮೋಟಾರು ವಾಹನ ನಿಯಮಗಳು ಅದನ್ನು ಮೋಟಾರು ವಾಹನವೆಂದು ಗಣಿಸುವುದಿಲ್ಲ, ನೋಂದಣಿಯೂ ಲೈಸೆನ್ಸೂ ಬೇಕಾಗುವುದಿಲ್ಲ. ನಾಗಮಂಗಲದಂತಹ ಏರುಪೇರಿನ ಸೀಮೆಗೆ ಅದು ಉಪಕಾರಿಯೇ. ಆದರೂ ಗೇರನ್ನೂ ಬ್ರೇಕನ್ನೂ ಸರಿಪಡಿಸದ ಗಾಡಿಗೆ ಮೋಟಾರು ಕಟ್ಟುವವರನ್ನು ಕಂಡರೆ ನನಗೆ ದಿಗಿಲಾಗುತ್ತದೆ. ಮೊದಲು ಕಾಲಿನಿಂದ ಸುಲಭವಾಗಿ ನಡೆಯುವಂತಾಗಲಿ. ಬ್ಯಾಟರಿ ಮುಗಿದ ದಿನ ಮನೆಗೆ ಬಂದು ಸೇರಬೇಕಾದ್ದೂ ಕಾಲಿನಿಂದಲೇ ತಾನೆ.

ಸೈಕಲ್ಲೆಂದರೆ ಬಡತನದ ಗುರುತೆಂದು ಮುಖ ತಿರುಗಿಸುವ ಗಿರಾಕಿಗಳ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆ. ಆಕ್ಸ್‌ಫರ್ಡಿನ ಎಸ್.ಎಸ್. ವಿಲ್ಸನ್ ಎಂಬ ಎಂಜಿನಿಯರರು 1973ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಸೈಕಲ್ ಸವಾರನು ಅಷ್ಟೇ ದೂರವನ್ನು ನಡೆಯುವವನ ಐದರಲ್ಲಿ ಒಂದರಷ್ಟು ಶಕ್ತಿಯನ್ನು ಮಾತ್ರ ವ್ಯಯಿಸುತ್ತಾನೆ. ಈ ಮಾತಿನಿಂದ ಆ ಗಿರಾಕಿಗಳ ಮನಸ್ಸು ಬದಲಾಗುವುದಿಲ್ಲವೆಂದು ಬಲ್ಲೆ. ಗಾಡಿಗೆ ಒಳ್ಳೆಯ ಬಣ್ಣ ಬಳಿಯಿರಿ, ಒಳ್ಳೆಯ ಬೆಲ್ಲು ಕಟ್ಟಿರಿ. ಕೆಲಸ ಹೊಸದೆಂಬ ಅಳುಕೂ ನಿಮಗೆ ಬೇಡ. ಅಂಗವಿಕಲರಿಗೆ ಸರ್ಕಾರದಿಂದ ಬರುವ, ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯನ್ನು ನಿಮ್ಮಲ್ಲಿ ಬಹುಮಂದಿ ದುರಸ್ತಿ ಮಾಡಿದ್ದೀರಿ. ಅದರ ಮುಂದಿನ ಫೋರ್ಕಿನ ಅನುಭವವೇ ಇಲ್ಲಿಯೂ ಸಾಕಾಗುತ್ತದೆ.

ಕಡೆಯದಾಗಿ ನನ್ನಿಂದ ಬಗೆಹರಿಯದ ತೊಡಕೊಂದನ್ನು ನಿಮ್ಮ ಮುಂದಿಡುತ್ತೇನೆ. ಮೇಲುಕೋಟೆಯ ಬೆಟ್ಟವನ್ನು ಎರಡು ಮೀಟರಿನ ಗೇರಿನಲ್ಲಿ ಹತ್ತಬಹುದು, ನಡುನಡುವೆ ನಿಂತಾದರೂ ಹತ್ತಬಹುದು. ಇಳಿಯುವುದು ಬೇರೆಯೇ ವಿದ್ಯೆ. 150 ಕಿಲೋಗ್ರಾಮಿನ ಗಾಡಿ ನೂರು ಮೀಟರ್ ಎತ್ತರದಿಂದ ಇಳಿಯುವಾಗ ಬ್ರೇಕುಗಳು ನುಂಗಬೇಕಾದ ಶಾಖ ಅರ್ಧ ಲೀಟರ್ ನೀರನ್ನು ಕುದಿಸುವಷ್ಟಾಗುತ್ತದೆ. ಸೈಕಲ್ಲಿನ ರಬ್ಬರ್ ಗುಂಡಿ ಅದನ್ನು ತಾಳದು. ಮಳೆಯಲ್ಲಿ ನೆನೆದ ಸ್ಟೀಲಿನ ರಿಮ್ಮಿನ ಮೇಲಂತೂ ಅದು ಇದ್ದೂ ಇಲ್ಲದಂತೆಯೇ. ಆದುದರಿಂದ ಮೊಪೆಡ್ಡಿನ ಡ್ರಮ್ ಬ್ರೇಕುಗಳನ್ನು ಹಿಂದಿನ ಎರಡು ಚಕ್ರಗಳಲ್ಲಿಯೂ ಉಳಿಸಿಕೊಂಡು, ಎರಡಕ್ಕೂ ಒಂದೇ ಲಿವರಿನಿಂದ ತಂತಿ ಎಳೆಸಿದ್ದೇನೆ. ಎರಡೂ ಸಮನಾಗಿ ಹಿಡಿಯದಿದ್ದರೆ ಗಾಡಿ ಒಂದು ಮಗ್ಗುಲಿಗೆ ತಿರುಗುವುದರಿಂದ, ನಡುವೆ ಕೀಲಿಟ್ಟ ಕಬ್ಬಿಣದ ಪಟ್ಟಿಯೊಂದು ನೊಗದಂತೆ ಎರಡು ತಂತಿಗಳಿಗೂ ಭಾರವನ್ನು ಹಂಚುತ್ತದೆ. ಹೊಸದರಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಕೆಲವು ತಿಂಗಳಾದ ಮೇಲೆ ಒಂದು ಕಡೆಯ ಲೈನರು ಹೆಚ್ಚು ಸವೆದು ಪಟ್ಟಿಯು ಓರೆಯಾಗಿ ಚೌಕಟ್ಟಿಗೆ ತಾಗಿ ನಿಲ್ಲುತ್ತದೆ, ಆಗ ಆ ಬದಿಯ ಬ್ರೇಕು ಕೆಲಸಕ್ಕೆ ಬಾರದು. ಚಾಲನೆ ಪಡೆದ ಚಕ್ರದ ಕಡೆಯದೇ ಯಾವಾಗಲೂ ಮೊದಲು ಸವೆಯುವುದೇಕೆ, ಅಡ್ಡಪಟ್ಟಿಯನ್ನು ಉದ್ದಮಾಡಬೇಕೋ, ತಂತಿಯ ಬದಲು ಸರಳು ಹಾಕಬೇಕೋ, ಅಥವಾ ಮುಂದಿನ ಚಕ್ರಕ್ಕೂ ಡ್ರಮ್ಮು ಕೂರಿಸಿ ಇಳಿಜಾರಿನ ಭಾರವನ್ನು ಮೂರಕ್ಕೆ ಹಂಚಬೇಕೋ, ನಿಮ್ಮಲ್ಲಿ ಯಾರಾದರೂ ಇದನ್ನು ಕೈಯಾರೆ ಮಾಡಿ ನೋಡಿದ್ದರೆ ದಯವಿಟ್ಟು ತಿಳಿಸಬೇಕು. ನನ್ನ ಗಾಡಿಯನ್ನು ಬಿಚ್ಚಿ ಅಳತೆ ತೆಗೆದುಕೊಳ್ಳಲು ಯಾರು ಬಂದರೂ ಅಭ್ಯಂತರವಿಲ್ಲ. ಸ್ಪ್ಯಾನರು ಮಾತ್ರ ನಿಮ್ಮದೇ ತರಬೇಕು, ನನ್ನವು ಒಳ್ಳೆಯವಲ್ಲ.

ಇತಿ,
ನಿಮ್ಮ ಗಿರಾಕಿಯೂ ವಿಶ್ವಾಸಿಯೂ ಆದ,
ಪಾಂಡವಪುರ ತಾಲ್ಲೂಕಿನ ಒಬ್ಬ ನಿವೃತ್ತ ಅಧ್ಯಾಪಕ